ಕೌದಿಯ ಹೊಟ್ಟೆ

ಕೌದಿಯನ್ನು ಅಂಚಿನಿಂದ ಹೊಲಿಯಬೇಕು. ನಾಲ್ಕೂ ಅಂಚು ಸುತ್ತಿ, ಅದರೊಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು, ಹೀಗೆ ಸೂಜಿ ನಡುವಿಗೆ ಬರಬೇಕು. ನಡುವಿನಿಂದ ಶುರುಮಾಡುವವರನ್ನು ಈಚೆಗೆ ಕಂಡಿದ್ದೇನೆ. ಅವರ ಕೌದಿ ಒಂದು ಸಲ ಒಗೆದರೆ ಸಾಕು, ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆಗಲಿ, ನನಗೇನು. ನಮ್ಮ ಕಡೆ ನಡುವಿನ ಆ ಗೇಣುದ್ದದ ಜಾಗಕ್ಕೆ ಹೊಟ್ಟೆ ಎನ್ನುತ್ತಾರೆ. ಹೊಲಿಗೆ ಅಲ್ಲಿಗೆ ಬಂದಾಗ ಗಂಡಸರನ್ನು ಹೊರಗೆ ಕಳಿಸಿ, ಹೆಂಗಸರೆಲ್ಲ ಸುತ್ತ ಕುಳಿತು, ನಾಲ್ಕು ಕಾಳು ಜೋಳವನ್ನೋ ಒಂದು ಚೂರು ರೊಟ್ಟಿಯನ್ನೋ ಅದರೊಳಗಿಟ್ಟು, ಹಾಡು ಹೇಳುತ್ತ ಹೊಲಿದು ಮುಚ್ಚುತ್ತಾರೆ. ಹೊದ್ದುಕೊಂಡವರು ಎಂದೂ ಹಸಿದು ಮಲಗದಿರಲಿ ಎಂದು ಹೀಗೆ ಮಾಡುವುದು. ಖಾಲಿ ಹೊಟ್ಟೆಯಲ್ಲಿ ಮುಚ್ಚಿದ ಕೌದಿ ಹೊಲಿದವಳ ಮಕ್ಕಳ ಅನ್ನ ಕಸಿಯುತ್ತದೆ ಎಂಬ ಹೆದರಿಕೆಯೂ ಅದರ ಜೊತೆಗೇ ಇತ್ತು. ಆ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ, ಆದರೆ ಸೂಜಿ ಹಿಡಿಯಲು ಕಲಿತ ಪ್ರತಿ ಹುಡುಗಿಗೂ ಅದು ಗೊತ್ತಿತ್ತು. ನನ್ನ ಅಕ್ಕನ ಬದುಕು ಈ ಗೇಣು ಜಾಗದಲ್ಲಿ ಸಿಕ್ಕಿಕೊಂಡಿತು. ಬರೆಯಲು ಕುಳಿತರೆ ನನಗೆ ಇವತ್ತಿಗೂ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು.

ಅಕ್ಕನನ್ನು ಮುಂಡರಗಿಗೆ ಕೊಟ್ಟಿದ್ದರು. ಗಂಡ ಒಳ್ಳೆಯವನು, ಮಾತು ಕಡಿಮೆ, ನಗು ಜಾಸ್ತಿ. ಮಗಳು ಇನ್ನೂ ತೊದಲು ಮಾತಾಡುತ್ತಿದ್ದಾಗ ಅವನು ಜ್ವರ ಬಂದು ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಅಕ್ಕನ ಅತ್ತೆ, "ನಾಕ ದಿನ ತವರಿಗೆ ಹೋಗಿ ಬಾರವಾ, ಮನಸ್ಸು ಹಗರಾಕ್ಕೈತಿ. ಕೂಸು ಇಲ್ಲೇ ಇರಲಿ" ಎಂದಳು. ಅಕ್ಕ ಲಕ್ಷ್ಮೇಶ್ವರಕ್ಕೆ, ನಮ್ಮ ಅಣ್ಣನ ಮನೆಗೆ ಬಂದಳು. ಕೆಲವು ದಿನ ಕಳೆದು ತಿರುಗಿ ಹೋದಾಗ ನಾನೂ ಜೊತೆಗಿದ್ದೆ. ಅತ್ತೆ ನಮ್ಮನ್ನು ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೇ ಚಾಪೆ ಹಾಸಿ ಕೂರಿಸಿದಳು.

"ನಿನ್ನ ಮಾರಿ ಕಂಡ್ರ ನನಗ ಅಂವನ ನೆನಪಾಕ್ಕಾನ. ಇಲ್ಲಿ ಇರಬ್ಯಾಡವಾ," ಎಂದಳು.

"ಹಂಗಾರ ಕೂಸಿನ್ನ ಕೊಡ್ರಿ ಅತ್ತಿ, ಕರ್ಕೊಂಡು ಹೋಗ್ತೇನಿ," ಎಂದಳು ಅಕ್ಕ.

"ಇದ್ದೊಬ್ಬ ಮಗಾ ಹೋದ. ಅವನ ಕೂಸು ಅಣ್ಣನ ಮನ್ಯಾಗ ಮಂದಿ ಕೈ ನೋಡಿ ಬೆಳಿಯೂದು ಬ್ಯಾಡ. ನಿಂದ ಅಂತ ಒಂದು ಒಲಿ ಹೂಡು. ಅವತ್ತ ನಾನ ಕೈ ಹಿಡಿದು ಕರ್ಕೊಂಡು ಬಂದು ಬಿಟ್ಟು ಹೋಗ್ತೇನಿ. ನನ್ನ ಮಾತು ಮಾತು."

ಆಗ ನನಗೆ ಆ ಮುದುಕಿಯ ಜುಟ್ಟು ಹಿಡಿದು ಎಳೆಯಬೇಕೆನ್ನಿಸಿತ್ತು. ಅಕ್ಕ ಮಾತ್ರ ತಲೆಯಾಡಿಸಿದಳು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡುತ್ತ, "ಒಲಿ ಅಂದ್ರೇನು ದೊಡ್ಡ ಮಾತಲ್ಲ ಬಿಡ," ಎಂದಳು. ದೊಡ್ಡ ಮಾತೇ ಆಗಿತ್ತು. ಗಂಡ ಸತ್ತ ಹೆಣ್ಣುಮಗಳಿಗೆ ಬೇರೆ ಮನೆ ಬಾಡಿಗೆಗೆ ಕೊಡುವವರು ಯಾರು, ಆ ಒಲೆಯ ಮೇಲೆ ಇಡುವುದಕ್ಕೆ ಏನಾದರೂ ಬೇಕಲ್ಲ, ಅದು ಎಲ್ಲಿಂದ? ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಸೇರಿದ ಟೀಚರು, ನನ್ನ ಪಗಾರ ಅಣ್ಣನ ಕೈಗೆ ಹೋಗುತ್ತಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಕೆಟ್ಟವಳಲ್ಲ, ಆದರೆ ಅಕ್ಕನಿಗೆ ಬಡಿಸುವಾಗ ಸೌಟಿನ ಸಪ್ಪಳ ಒಂದಿಷ್ಟು ಹೆಚ್ಚಾಗುತ್ತಿತ್ತು.

ನಮ್ಮ ಮನೆಯ ಎದುರಿಗೆ ಒಬ್ಬ ದರ್ಜಿ ಇದ್ದರು, ಮುಸಲ್ಮಾನರು, ಓಣಿಗೆಲ್ಲ ಕಾಕಾ. ತಮ್ಮ ಮಷಿನ್ನಿನ ಕೆಳಗೆ ಬಿದ್ದ ಚಿಂದಿಯನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಅಕ್ಕನಿಗೆ ಕೊಡುತ್ತಿದ್ದರು. ಅವಳು ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಆ ಚಿಂದಿ ಜೋಡಿಸಿ, ಓಣಿಯವರಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಅವಳ ಕೌದಿಯಲ್ಲಿ ಬಣ್ಣಗಳು ಒಂದಕ್ಕೊಂದು ಜಗಳವಾಡುತ್ತಿರಲಿಲ್ಲ. ಮಾವಿನ ಚಿಗುರಿನ ಪಕ್ಕದಲ್ಲಿ ಇಂಗಳೀಕದ ಕೆಂಪು ಇಟ್ಟು, ಅದರ ಮಗ್ಗುಲಿಗೆ ಬಿಳಿಚಿದ ನೀಲಿ ಇಟ್ಟು ಹೊಲಿಯುವ ಧೈರ್ಯ ಅವಳಿಗೊಬ್ಬಳಿಗೇ ಇತ್ತು. ಅಂಥದೊಂದು ಕೌದಿಯನ್ನು ಕಾಕಾ ತಮ್ಮ ಅಂಗಡಿಯ ಬಾಕಿನ ಮೇಲೆ ಹಾಸಿದ್ದರು.

ಆ ಬಾಕಿನ ಮೇಲೆ ಒಂದು ದಿನ ಗದಗಿನಿಂದ ಬಂದ ಅಧಿಕಾರಿಯೊಬ್ಬರು ಕುಳಿತರು. ಸಣ್ಣ ಕೈಗಾರಿಕೆಗಳಿಗೆ ನೆರವು ಕೊಡುವ ಸರಕಾರಿ ಕಚೇರಿಯವರು, ಮೈಸೂರು ಕಡೆಯವರು. ಊರಿನ ಎಣ್ಣೆ ಗಾಣಗಳನ್ನು ನೋಡಲು ಬಂದಿದ್ದರಂತೆ. ಬಸ್ಸಿನ ನೂಕುನುಗ್ಗಲಿನಲ್ಲಿ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಹಾಕಿಸಿಕೊಳ್ಳಲು ಕಾಕಾನ ಅಂಗಡಿ ಹೊಕ್ಕರು. ಗುಂಡಿ ಹಾಕಿ ಆಯಿತು, ಸಾಹೇಬರು ಏಳಲೇ ಇಲ್ಲ. ಬನಿಯನ್ನಿನಲ್ಲೇ ಬಗ್ಗಿ, ತಾವು ಕುಳಿತಿದ್ದ ಕೌದಿಯ ಮಡಿಕೆ ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಕಾಕಾ ನಮ್ಮ ಮನೆ ಕಡೆ ತಿರುಗಿ, "ಬೇಟೀ, ಒಂಚೂರು ಹೊರಗ ಬಾರವಾ, ಸಾಹೇಬ್ರು ಏನೋ ಕೇಳ್ತಾರ," ಎಂದು ಕೂಗಿದರು.

"ಇಂಥದ್ದು ಎಷ್ಟು ಮಾಡ್ತೀರಮ್ಮ?" ಎಂದು ಸಾಹೇಬರು ಕೇಳಿದರು.

"ಹರಕ ಅರಿವಿ ಇದ್ದಷ್ಟ ರೀ," ಎಂದಳು ಅಕ್ಕ.

ಸರಕಾರದ ನೆರವು ಎಂದರೆ ಮೂಗು ಮುರಿಯುವವರಲ್ಲಿ ನಾನೇ ಮುಂದು. ಆದರೆ ಆ ಮನುಷ್ಯನ ವಿಷಯದಲ್ಲಿ ನನಗೆ ಹಾಗೆ ಮಾಡಲು ಬರುವುದಿಲ್ಲ. ಅವರು ಮತ್ತೆ ಬಂದರು, ಮತ್ತೆ ಮತ್ತೆ ಬಂದರು. ನಮ್ಮ ಖಡಕ್ ರೊಟ್ಟಿ ಅಗಿಯಲಾರದೆ ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು, ಕೆಂಪು ಚಟ್ನಿಗೆ ಕಣ್ಣೀರು ಸುರಿಸುತ್ತಿದ್ದರು, ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಗುತ್ತಲೇ ಅವರ ಮಾತು ಕೇಳಿದರು. ಬಣ್ಣ ಬಿಡುವ ಬಟ್ಟೆ ಯಾವುದು ಎಂದು ಕುದಿಯುವ ನೀರಿನಲ್ಲಿ ಅದ್ದಿ ನೋಡುವುದನ್ನು ಅವರು ತೋರಿಸಿಕೊಟ್ಟರು. ಎಲ್ಲ ಕೌದಿಗಳೂ ಒಂದೇ ಅಳತೆಗೆ ಬರುವಂತೆ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದರು. ಚಿಂದಿ ಜೋಡಿಸಲು ಕಚೇರಿಯಿಂದ ಹೊಲಿಗೆ ಮಷಿನ್ನು ಕೊಡಿಸಿದರು, ಬೆಟಗೇರಿಯ ಮಗ್ಗಗಳಲ್ಲಿ ಉಳಿದ ತುಂಡುಗಳು ಹೊರೆಗಟ್ಟಲೆ ಬರುವಂತೆ ಮಾಡಿದರು. ಹೆಂಗಸರೇ ಕೂಡಿ ಒಂದು ಸಂಘ ಮಾಡಿಕೊಳ್ಳಿ ಎಂದಾಗ ಯಾರಿಗೂ ಧೈರ್ಯವಿರಲಿಲ್ಲ. ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಹುಲಕೋಟಿಗೆ ಕರೆದುಕೊಂಡು ಹೋಗಿ, ಸಹಕಾರ ಸಂಘಗಳನ್ನು ಅಲ್ಲಿಯ ರೈತರು ಹೇಗೆ ನಡೆಸುತ್ತಾರೆ ಎಂದು ತೋರಿಸಿ ತಂದರು. ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ತಾವೇ ಅಧ್ಯಕ್ಷರಾಗುವ ಆಸೆ ಹುಟ್ಟಿತ್ತು.

ಮುಂಬಯಿಯ ಒಂದು ಪ್ರದರ್ಶನಕ್ಕೆ ಸಾಹೇಬರು ಮತ್ತು ಕಾಕಾ ಕೆಲವು ಕೌದಿಗಳನ್ನು ಹೊತ್ತುಕೊಂಡು ಹೋದರು. ಅಲ್ಲಿ ಹೊರದೇಶಕ್ಕೆ ಮಾಲು ಕಳಿಸುವ ವ್ಯಾಪಾರಿಯೊಬ್ಬ ಅವನ್ನು ಮೆಚ್ಚಿ, ಇನ್ನಷ್ಟು ತನ್ನಿ ಎಂದ. ಮೊದಲ ಗಂಟು ಹಡಗು ಹತ್ತಿತು. ಅಲ್ಲಿಯವರು ಮೆಚ್ಚಿದರು ಎಂಬ ಸುದ್ದಿ ಬಂತು. ಎರಡನೆಯ ಗಂಟೂ ಹೋಯಿತು. ವೈನಿಯ ಸೌಟು ಸುಮ್ಮನಾಯಿತು. ನಮ್ಮ ಅಣ್ಣ, ತಂಗಿಯ ಕೆಲಸಕ್ಕೆ ಒಂದು ದಿನವೂ ಇಣುಕಿ ನೋಡದವನು, ಅಡತಿ ಅಂಗಡಿಯಲ್ಲಿ ಕುಳಿತು "ನಮ್ಮ ಮಾಲು ವಿಲಾಯತಿಗೆ ಹೊಂಟೈತ್ರಿ" ಎಂದು ಮೀಸೆ ತಿರುವುತ್ತಿದ್ದ. ಅಕ್ಕನಿಗೆ ಮಾತ್ರ ಬೇರೆಯದೇ ಚಿಂತೆ.

"ಆ ದೇಶದಾಗ ಥಂಡಿ ಭಾಳ ಅಂತಲ್ಲಲೇ. ಅಲ್ಲಿ ಕೂಸುಗೋಳಿಗೆ ಹೊಚ್ಚಾಕ ನಮ್ಮ ಕೌದಿ ಸಾಕಾಗ್ತಾವೇನ?" ಎಂದು ನನ್ನನ್ನು ಕೇಳಿದಳು. ಭೂಗೋಳ ಕಲಿಸುವವಳು ನಾನು. ಸಾಕಾಗುತ್ತವೆ ಎಂದೆ.

ಆ ಗಂಟುಗಳ ಪ್ರತಿ ಕೌದಿಯಲ್ಲೂ ನಾಲ್ಕು ಕಾಳು ಜೋಳ ಇತ್ತು. ಯಾರಿಗೂ ಗೊತ್ತಾಗಲಿಲ್ಲ. ಸಾಹೇಬರು ಹೊಲಿಗೆ ನೋಡುತ್ತಿದ್ದರು, ಅಂಚು ನೋಡುತ್ತಿದ್ದರು, ಆದರೆ ಹೊಟ್ಟೆ ಮುಚ್ಚುವ ಹೊತ್ತಿಗೆ ನಾವು ಅವರನ್ನು ಚಹಾ ಕೊಟ್ಟು ಹೊರಗೆ ಕಳಿಸುತ್ತಿದ್ದೆವು. ಅವರು ಮರ್ಯಾದಸ್ಥರು, ಯಾಕೆ ಎಂದು ಕೇಳಲಿಲ್ಲ. ನಾವೂ ಮುಚ್ಚಿಟ್ಟದ್ದಲ್ಲ. ಸೂಜಿಗೆ ದಾರ ಪೋಣಿಸಿದ್ದೇವೆ ಎಂದು ಯಾರಾದರೂ ವರದಿ ಕೊಡುತ್ತಾರೆಯೇ?

ಕೆಲಸ ಬೆಳೆದಂತೆ ಶಿರಹಟ್ಟಿಯಲ್ಲಿ, ಯಳವತ್ತಿಯಲ್ಲಿ, ಮುಂಡರಗಿಯಲ್ಲಿ ಹೆಂಗಸರಿಗೆ ಕಲಿಸಬೇಕಾಯಿತು. ಮುಂಡರಗಿಗೆ ಯಾರು ಹೋಗುತ್ತೀರಿ ಎಂದು ಸಾಹೇಬರು ಕೇಳಿ ಮುಗಿಸುವುದರೊಳಗೆ ಅಕ್ಕ ಕೈ ಎತ್ತಿದ್ದಳು. ಪ್ರತಿ ವಾರ ಹೋಗುತ್ತಿದ್ದಳು. ರಜೆ ಇದ್ದಾಗ ನಾನೂ ಹೋಗುತ್ತಿದ್ದೆ. ಬಸ್ಸಿನಿಂದ ಇಳಿದು ಹೊಲಿಗೆಯ ಮನೆಗೆ ಹೋಗಲು ನೇರ ದಾರಿಯಿತ್ತು, ಅಕ್ಕ ಸುತ್ತು ಹಾಕಿ ಅತ್ತೆಯ ಓಣಿಯಿಂದಲೇ ಹೋಗುತ್ತಿದ್ದಳು. ಹುಡುಗಿ ಬಾಗಿಲ ಹಿಂದೆ ಅರ್ಧ ಮುಖ ಕಾಣುವಂತೆ ನಿಂತಿರುತ್ತಿದ್ದಳು. ಹಲ್ಲು ಬಿದ್ದು, ಹೊಸ ಹಲ್ಲು ಬರುತ್ತಿದ್ದ ವಯಸ್ಸು. ಅತ್ತೆ ಒಳಗಿನಿಂದ, "ಹೋಗಿ ಮಾತಾಡ್ಸವಾ, ನಿಮ್ಮವ್ವ ಬಂದಾಳ," ಎಂದರೆ ಮಾತ್ರ ಓಡಿ ಬಂದು ಅಕ್ಕನ ಸೊಂಟಕ್ಕೆ ಮುಖ ಒತ್ತುತ್ತಿದ್ದಳು. ಪ್ರತಿ ಸಲವೂ ಒಂದೇ ಪ್ರಶ್ನೆ.

"ಒಲಿ ಹೂಡಿದ್ಯೇನವಾ?"

"ಇನ್ನಾ ಇಲ್ಲ ಬಂಗಾರಾ. ಹೂಡ್ತೇನಿ."

"ಮಣ್ಣು ಸಿಗವಲ್ದೇನ? ನಮ್ಮ ಹಿತ್ತಲದಾಗ ಬೇಕಾದಷ್ಟೈತಿ. ನಾ ಕೊಡ್ತೇನಿ."

ಅಕ್ಕ ನಕ್ಕಳು. ಬಸ್ಸಿನಲ್ಲಿ ಕುಳಿತ ಮೇಲೆ ಅತ್ತಳು. ಪಕ್ಕದಲ್ಲಿದ್ದ ಮುದುಕ ಎಂಥದೋ ಸಾವಿನ ಸುದ್ದಿ ಎಂದುಕೊಂಡು ಜಾಗ ಬಿಟ್ಟು ಎದ್ದು ನಿಂತ.

ಎಂಬತ್ತರ ದಶಕ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ, ದೊಡ್ಡ ಬೇಡಿಕೆ ಬಂತು. ಎಲ್ಲ ಊರುಗಳ ಹೆಂಗಸರೂ ಕೂಡಿ ಹೊಲಿದರೆ ಮಾತ್ರ ಆಗುವಂಥದು. ಅದರ ಭರವಸೆಯ ಮೇಲೆ ಕಾಕಾ ತಮ್ಮ ಅಂಗಡಿಯ ಹಿಂದಿನ ಎರಡು ಕೋಣೆಗಳನ್ನು ಅಕ್ಕನಿಗೆ ಬಾಡಿಗೆಗೆ ಕೊಟ್ಟರು. ಅಣ್ಣ ಮುಖ ಊದಿಸಿಕೊಂಡ, ವೈನಿ ನಾಲ್ಕು ಪಾತ್ರೆ ಕೊಟ್ಟಳು. ಅಕ್ಕ ಕೆರೆಯ ಮಣ್ಣು ತಂದು, ಹೊಟ್ಟು ಕಲಸಿ, ತುಳಿದು, ತಾನೇ ಒಲೆ ಹೂಡಿದಳು. ಒಲೆಯ ಮಗ್ಗುಲಲ್ಲಿ ಅಂಗೈ ಊರಿ ಗುರುತು ಮೂಡಿಸಿದಳು. ಆ ಸುದ್ದಿ ಮುಂಡರಗಿಗೆ ಹೋಯಿತು. ಅತ್ತೆ, "ನನ್ನ ಮಾತು ಮಾತು. ಮಳಿಗಾಲ ಮುಗೀಲಿ, ದೀಪಾವಳಿಗೆ ಕರ್ಕೊಂಡು ಹೋಗು," ಎಂದು ಹೇಳಿ ಕಳಿಸಿದಳು. ಅಕ್ಕನ ಮುಖದಲ್ಲಿ ಮದುವೆಯ ದಿನದ ಕಳೆ ನಾನು ಮತ್ತೆ ಕಂಡದ್ದು ಆವತ್ತೇ.

ಆ ಗಂಟಿನ ಕೌದಿಗಳ ಹೊಟ್ಟೆ ಮುಚ್ಚುವ ಕೆಲಸ ಕಾರಹುಣ್ಣಿವೆಗೆ ಬಂತು. ಹೊರಗೆ ಮೊದಲ ಮಳೆ. ಎಲ್ಲ ಊರುಗಳಿಂದ ಬಂದ ಹೆಂಗಸರು ಅಕ್ಕನ ಎರಡು ಕೋಣೆಗಳಲ್ಲಿ, ಕಾಕಾನ ಪಡಸಾಲೆಯಲ್ಲಿ ತುಂಬಿಕೊಂಡಿದ್ದರು. ಅಕ್ಕ ಬೆಳಗಿನಿಂದ ಹೊಸ ಒಲೆಯ ಮುಂದೆ ಕುಳಿತು ಹೋಳಿಗೆ ಮಾಡುತ್ತಿದ್ದಳು. ಬೆಲ್ಲ, ಕಡಲೆಬೇಳೆ, ತುಪ್ಪದ ವಾಸನೆ ಓಣಿಯ ತುದಿಗೂ ಬರುತ್ತಿತ್ತು.

"ಈ ಸಲ ಕಾಳು ಬ್ಯಾಡ, ಕೌದಿಗೂ ಹೋಳಿಗಿ ಆಗಲಿ," ಎಂದಳು. "ನನ್ನ ಒಲಿ ಮ್ಯಾಲಿಂದು ಮೊದಲನೇ ಹೋಳಿಗಿ. ನನ್ನ ಕೂಸಿಗೆ ಉಣಸಬೇಕಿತ್ತು, ಅಕಿ ದೀಪಾವಳಿಗೆ ಬರ್ತಾಳ. ಅಲ್ಲೀತನಾ ಆ ಕಾಣದ ಊರಿನ ಕೂಸುಗೋಳರ ಉಣ್ಣಲಿ."

ಎಲ್ಲರೂ ಹೌದೆಂದರು. ಪ್ರತಿ ಹೊಟ್ಟೆಗೂ ಒಂದು ತುತ್ತು ಹೋಳಿಗೆ, ಮೇಲೆ ತುಪ್ಪದ ಹನಿ. ಹಾಡಿ ಹಾಡಿ ನಮ್ಮ ಗಂಟಲು ಕಟ್ಟಿತು. ಅಷ್ಟು ಸಂತೋಷದ ದಿನವನ್ನು ನಾನು ಮತ್ತೆ ಕಂಡಿಲ್ಲ. ಈಗ ಹೋಳಿಗೆಯ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ. ಮಕ್ಕಳು ಸಕ್ಕರೆ ಕಾಯಿಲೆ ಎಂದುಕೊಂಡಿದ್ದಾರೆ.

ದಸರೆಗೆ ಕೆಲವು ದಿನ ಮುಂಚೆ ಮುಂಬಯಿಯ ವ್ಯಾಪಾರಿಯ ಕಡೆಯಿಂದ ಒಬ್ಬ ಬಂದ. ಸಾಹೇಬರೂ ಜೊತೆಗಿದ್ದರು, ಮುಖ ಕಂದಿತ್ತು. ಅವನಿಗೆ ಹಿಂದಿ ಬಿಟ್ಟರೆ ಬೇರೆ ಬಾರದು, ಕಾಕಾ ನಡುವೆ ನಿಂತರು. ಚೀಲದಿಂದ ಒಂದು ಕೌದಿ ತೆಗೆದು ಕಾಕಾನ ಬಾಕಿನ ಮೇಲೆ ಹರವಿದ. ಮುಗ್ಗಲು ವಾಸನೆಗೆ ಮುಂದೆ ನಿಂತ ಹೆಂಗಸರು ಹಿಂದೆ ಸರಿದರು. ನಡುವೆ ಹಂಚಿನಷ್ಟು ಅಗಲದ ಕಂದು ಕಲೆ. ಸುತ್ತ ಇರುವೆ ಕೊರೆದ ತೂತು. ಅವನು ಕಾಕಾನ ಕತ್ತರಿ ಕೇಳಿ ತೆಗೆದುಕೊಂಡು ಹೊಟ್ಟೆ ಸೀಳಿದ. ಒಳಗೆ ಕಪ್ಪು ಬೂಸಲು ಹಿಡಿದ ಮುದ್ದೆ. ಇದೇನು ಎಂದು ಕೇಳಿದ.

ಕಾಕಾ ಕತ್ತರಿ ತಿರುಗಿ ತೆಗೆದುಕೊಂಡು ಒರೆಸತೊಡಗಿದರು. ಅವರಿಗೆ ಗೊತ್ತಿತ್ತು, ಅವರ ಮನೆಯ ಹೆಂಗಸರೂ ಹಾಗೆಯೇ ಹೊಲಿಯುತ್ತಿದ್ದರು. ಕೊನೆಗೆ ಅಕ್ಕನೇ ಹೇಳಿದಳು.

"ಅದರ ಊಟಾ ರೀ."

ಕಾಕಾ ಹಿಂದಿಯಲ್ಲಿ ಬಹಳ ಹೊತ್ತು ವಿವರಿಸಿದರು. ಆ ಮನುಷ್ಯ ಬೈಯಲಿಲ್ಲ. ಬೈದಿದ್ದರೆ ನನಗೆ ಜಗಳವಾಡಲಾದರೂ ಆಗುತ್ತಿತ್ತು. ಮಳೆಗಾಲದಲ್ಲಿ ಗೋದಾಮಿನಲ್ಲಿ ಬಿದ್ದು, ಆಮೇಲೆ ಹಡಗಿನಲ್ಲಿ ಬಿದ್ದು, ಗಂಟು ಅಲ್ಲಿ ಮುಟ್ಟುವ ಹೊತ್ತಿಗೆ ಹುಳು ಹತ್ತಿತ್ತಂತೆ. ಬಟ್ಟೆಯೊಳಗೆ ತಿನ್ನುವ ಪದಾರ್ಥ ಕಂಡ ಮೇಲೆ ಅಲ್ಲಿಯ ಬಂದರಿನವರು ಒಳಗೆ ಬಿಡಲಿಲ್ಲ. ಇದೊಂದನ್ನು ತೋರಿಸಲಿಕ್ಕೆ ಕಳಿಸಿ, ಉಳಿದದ್ದನ್ನೆಲ್ಲ ಅಲ್ಲೇ ಸುಟ್ಟರು ಎಂದ.

"ಎಲ್ಲಾ?" ಎಂದಳು ಅಕ್ಕ.

"ಎಲ್ಲಾ, ಬೇಟೀ," ಎಂದರು ಕಾಕಾ.

ಸತ್ತ ಮನೆಯಲ್ಲಿ ಅಳುವ ಹಾಗೆ ಹೆಂಗಸರು ಅತ್ತರು. ಸಾಹೇಬರು ಹೊರಗೆ ಕಟ್ಟೆಯ ಮೇಲೆ ತಲೆಗೆ ಕೈಹಚ್ಚಿ ಕುಳಿತಿದ್ದರು. "ಎಲ್ಲಾ ಕೇಳಿದೆ ಟೀಚರೇ, ಇದೊಂದು ಕೇಳಲಿಲ್ಲ," ಎಂದು ನನ್ನ ಮುಂದೆ ಒಂದೇ ಸಮನೆ ಹೇಳುತ್ತಿದ್ದರು. ಅವರು ಕೇಳಿದ್ದರೂ ನಾವು ಗಂಡಸರ ಮುಂದೆ ಹೇಳುತ್ತಿದ್ದೆವೋ ಇಲ್ಲವೋ. ತಪ್ಪು ಯಾರದು ಎಂದು ಹುಡುಕಿ ಹುಡುಕಿ ನಾನು ಮುದುಕಿಯಾದೆ, ಯಾರ ಮೇಲೂ ಹೊರಿಸಲು ಆಗಲಿಲ್ಲ. ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಆ ಮನುಷ್ಯನ ಹಿಂದೆಯೇ ಮುಂಬಯಿಗೆ ಹೋಗಿ, ವ್ಯಾಪಾರಿಯ ಕೈಕಾಲು ಹಿಡಿದು, ಇನ್ನೊಂದು ಅವಕಾಶ ತಂದರು. ದೀಪಾವಳಿಯೊಳಗೆ ಒಂದು ಸಣ್ಣ ಗಂಟು ಕಳಿಸಬೇಕು. ಒಳಗೆ ಏನೂ ಇರಕೂಡದು. ಅದು ಸರಿ ಹೋದರೆ ವ್ಯಾಪಾರ ಉಳಿಯುತ್ತದೆ, ಇಲ್ಲವಾದರೆ ಇಲ್ಲಿಗೆ ಮುಗಿಯಿತು.

ಮುಂದಿನ ಗಂಟಿಗೆಂದು ಹೊಟ್ಟೆಯವರೆಗೆ ಹೊಲಿದು ಮುಗಿಸಿದ್ದ ಕೌದಿಗಳು ಅಕ್ಕನ ಕೋಣೆಯಲ್ಲಿ ರಾಶಿ ಬಿದ್ದಿದ್ದವು. ಮುಚ್ಚುವುದಷ್ಟೇ ಬಾಕಿ. ಖಾಲಿ ಮುಚ್ಚಬೇಕು ಎಂದೊಡನೆ ಒಬ್ಬೊಬ್ಬರೇ ಎದ್ದರು. ಬಾಣಂತನ ಮುಗಿಸಿ ಬಂದಿದ್ದವಳು ಎಲ್ಲರಿಗಿಂತ ಮೊದಲು ಹೋದಳು. "ನಮಗೂ ಮಕ್ಕಳ ಅದಾವಲ್ಲವಾ," ಎಂದು ಅಕ್ಕನ ಗಲ್ಲ ಮುಟ್ಟಿ ಹೇಳಿ ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆಗ ನನಗೆ ಮದುವೆಯಾಗಿರಲಿಲ್ಲ, ಆದರೂ ಸೂಜಿ ಹಿಡಿಯಲು ನನ್ನ ಕೈಯೂ ಹಿಂದೇಟು ಹಾಕಿತು.

"ಅಕ್ಕಾ, ಬ್ಯಾಡ ಬಿಡು," ಎಂದೆ. "ನಿನಗ ಇರಾಕಿ ಒಬ್ಬಾಕಿ ಮಗಳು."

"ಅದಕ್ಕ ಮಾಡ್ತೇನಿ," ಎಂದಳು ಅಕ್ಕ. "ಇದು ಹ್ವಾದ್ರ ಈ ಕ್ವಾಣಿ ಹೊಕ್ಕೈತಿ. ಕ್ವಾಣಿ ಹ್ವಾದ್ರ ಒಲಿ ಹೊಕ್ಕೈತಿ. ಒಲಿ ಇಲ್ದ ಅಕಿ ಹೆಂಗ ಬರ್ತಾಳ? ಪಾಪ ಬರೂದಿದ್ರ ನನಗ ಬರಲಿ, ದೇವರಿಗೆ ಹೇಳಿಕೊಂಡೇನಿ."

ಬಾಗಿಲು ಮುಂದೆ ಮಾಡಿಕೊಂಡು ಅವಳೊಬ್ಬಳೇ ಮುಚ್ಚಿದಳು. ಹಾಡಿಲ್ಲ, ಹರಟೆಯಿಲ್ಲ. ನಾನು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟೆ. ಪ್ರತಿ ಕೌದಿಯನ್ನು ಮುಚ್ಚುವ ಮುಂಚೆ ಅದರ ಮೇಲೆ ಅಂಗೈ ಇಟ್ಟು, ತಪ್ಪಾಯಿತು ಎನ್ನುವಂತೆ ಕೆನ್ನೆಗೆ ಕೈ ಮುಟ್ಟಿಸಿಕೊಳ್ಳುತ್ತಿದ್ದಳು. ಗಂಟು ಹೊತ್ತಿಗೆ ಸರಿಯಾಗಿ ಹೋಯಿತು. ಮುಂಬಯಿಯಲ್ಲಿ ಬಿಚ್ಚಿ ನೋಡಿ ಒಪ್ಪಿದರು. ವ್ಯಾಪಾರ ಉಳಿಯಿತು. ಸಾಹೇಬರು ಗದಗಿನಿಂದ ಪೇಡೆ ತಂದು ಓಣಿಗೆಲ್ಲ ಹಂಚಿದರು.

ದೀಪಾವಳಿಗೆ ನಾವಿಬ್ಬರೂ ಮುಂಡರಗಿಗೆ ಹೋದೆವು.

ಅಕ್ಕನ ಕೈಯಲ್ಲಿ ಮಗಳಿಗೆ ಉಡಿಸಲು ಹೊಸ ಪರಕಾರ, ತೊಡಿಸಲು ಬಳೆ. ಅತ್ತೆ ಬಾಗಿಲಲ್ಲೇ ನಿಂತಿದ್ದಳು, ಹುಡುಗಿ ಕಾಣಲಿಲ್ಲ. ಮುಂಡರಗಿಯ ಹೊಲಿಗೆ ಹೆಂಗಸರಿಂದ ಸುದ್ದಿ ನಮಗಿಂತ ಮೊದಲೇ ಆ ಮನೆ ಮುಟ್ಟಿತ್ತು.

"ಖಾಲಿ ಹೊಟ್ಟಿ ಮುಚ್ಚಿದೆಂತ, ಖರೆ ಏನ?" ಎಂದು ಕೇಳಿದಳು.

"ಖರೆ ರೀ ಅತ್ತಿ."

"ಒಂದಲ್ಲ, ಎರಡಲ್ಲ. ಅಷ್ಟೂ?"

"ಅಷ್ಟೂ. ಒಲಿ ಉಳಸಾಕ ಮಾಡಿದ್ನಿರಿ. ನೀವ ಹೇಳಿದ್ರೆಲ್ಲಾ, ಒಲಿ ಹೂಡು ಅಂತ."

"ಹೇಳಿದ್ದೆ. ಖರೆ, ಇಂಥಾ ಒಲಿ ಹೇಳಿದ್ದಿಲ್ಲವಾ," ಎಂದಳು ಮುದುಕಿ, ಹೇಳುತ್ತಲೇ ಅಳತೊಡಗಿದಳು. "ಮಕ್ಕಳ ಅನ್ನಾ ಕಸಗೊಂಡು ಉರಿಯೂ ಒಲಿ ಅದು. ಅದರ ಮುಂದ ನನ್ನ ಮೊಮ್ಮಗಳನ್ನ ಹೆಂಗ ಕುಂಡ್ರಸಲಿ? ಮಗನ್ನ ಕಳಕೊಂಡಾಕಿ ನಾ. ಇನ್ನ ಕಳಕೊಳ್ಳಾಕ ನನ್ನ ಹಂತ್ಯಾಕ ಏನೂ ಇಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ನೆವ ಹುಡುಕುತ್ತಿರಲಿಲ್ಲ. ನಿಜವಾಗಿಯೂ ಹೆದರಿದ್ದಳು. ಅದೇ ನನಗೆ ಸಹಿಸಲಾಗದ್ದು. ಕೆಟ್ಟವಳಾಗಿದ್ದರೆ ಜೀವನಪೂರ್ತಿ ಶಾಪ ಹಾಕಿಕೊಂಡಾದರೂ ಇರುತ್ತಿದ್ದೆ. ಒಳಗಿನಿಂದ ಹುಡುಗಿಯ ದನಿ ಕೇಳಿತು, "ಅವ್ವಾ, ಒಲಿ ಹೂಡಿದ್ಯಂತಲ್ಲಾ?" ಅತ್ತೆ ಬಾಗಿಲು ಎಳೆದುಕೊಂಡಳು. ಅಕ್ಕ ಪರಕಾರ ಬಳೆಗಳನ್ನು ಹೊಸ್ತಿಲ ಮೇಲೆ ಇಟ್ಟು ಬಂದಳು.

ಸಾಹೇಬರು ತಾವೇ ಹೋಗಿ ಬೇಡಿಕೊಂಡರು. ಅವರಿಗೆ ಚಹಾ ಕೊಟ್ಟು ಕಳಿಸಿದರು. ಕೋರ್ಟಿಗೆ ಹೋಗೋಣ ಎಂದೆ ನಾನು. "ಪೊಲೀಸರನ್ನ ಕರ್ಕೊಂಡು ಹೋಗಿ ತಂದ ಕೂಸು ನನ್ನ ಮಗ್ಗಲಾಗ ಮಲಗೀತೇನ?" ಎಂದಳು ಅಕ್ಕ.

ಮುಂದಿನ ಬೇಸಗೆಯಲ್ಲಿ ಯಳವತ್ತಿಯ ಒಬ್ಬ ಮುದುಕಿ ಸಂಘದ ಹೆಂಗಸರಿಗೆಲ್ಲ ಒಂದು ದಾರಿ ತೋರಿಸಿದಳು. ತುತ್ತನ್ನು ಕೌದಿಯ ಹೊಟ್ಟೆಯಲ್ಲಿಡುವುದು, ಹಾಡು ಹೇಳುವುದು, ಆಮೇಲೆ ಆ ತುತ್ತನ್ನು ಹೊರಗೆ ತೆಗೆದು ಅಲ್ಲಿರುವ ಕೂಸಿನ ಬಾಯಿಗೆ ಹಾಕಿ ಹೊಲಿಗೆ ಮುಚ್ಚುವುದು. ಕೌದಿ ಉಂಡಂತೆಯೂ ಆಯಿತು, ಖಾಲಿಯೂ ಆಯಿತು. ಎಲ್ಲರಿಗೂ ಸಮಾಧಾನವಾಯಿತು, ಬಿಟ್ಟುಹೋದವರೆಲ್ಲ ತಿರುಗಿ ಬಂದರು. ಇಷ್ಟೇ ಇಷ್ಟು. ಇದು ದೀಪಾವಳಿಗೆ ಮೊದಲೇ ಯಾರಿಗಾದರೂ ಹೊಳೆದಿದ್ದರೆ! ನನಗೇಕೆ ಹೊಳೆಯಲಿಲ್ಲ, ಓದಿದವಳು ಎಂದು ಮೆರೆಯುವವಳಿಗೆ? ಮುಂಡರಗಿಗೆ ಹೋಗಿ ಹೇಳಿದರೆ ಅತ್ತೆ, "ಆಗಿ ಹೋದದ್ದು ಹೋಗಂಗಿಲ್ಲಲ್ಲವಾ," ಎಂದಳು.

ಎಂಬತ್ತರ ದಶಕ ಕಳೆಯುವುದರೊಳಗೆ ನಮ್ಮ ಸಂಘಕ್ಕೆ ಪತ್ರಾಸಿನ ತಗಡು ಹೊದಿಸಿದ ಸ್ವಂತ ಶೆಡ್ಡು ಆಯಿತು, ಬೋರ್ಡು ಆಯಿತು. ಶಿರಹಟ್ಟಿಯಿಂದ, ಮುಂಡರಗಿಯಿಂದ ಹೆಂಗಸರು ಹೊಲಿದು ಕಳಿಸುತ್ತಿದ್ದರು, ಗಂಟುಗಳು ಹಡಗು ಹತ್ತುತ್ತಲೇ ಇದ್ದವು. ಎಷ್ಟೋ ಮನೆಗಳಲ್ಲಿ ಮಕ್ಕಳು ಶಾಲೆ ಕಲಿತದ್ದು ಆ ಸೂಜಿಯಿಂದ. ಅದು ಸುಳ್ಳಲ್ಲ, ಸುಳ್ಳೆಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಒಮ್ಮೆ ದೊಡ್ಡ ಅಧಿಕಾರಿಗಳು ಬಂದು ಅಕ್ಕನಿಗೆ ಶಾಲು ಹೊದಿಸಿ, ಸ್ವಂತ ಕಾಲ ಮೇಲೆ ನಿಂತು ಎಲ್ಲವನ್ನೂ ಗಳಿಸಿಕೊಂಡ ಮಹಿಳೆ ಎಂದು ಭಾಷಣ ಮಾಡಿದರು. ನಾನು ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ವರ್ಗವಾಗಿ ಹೋಗಿದ್ದ ನಮ್ಮ ಸಾಹೇಬರು ಆವತ್ತು ಬಂದಿದ್ದರು, ಅವರೂ ಅಲ್ಲಿಗೆ ಬಂದರು.

ಹುಡುಗಿ ಮುಂಡರಗಿಯಲ್ಲೇ ದೊಡ್ಡವಳಾದಳು. ಬಾಗಿಲ ಹಿಂದೆ ನಿಲ್ಲುವುದು ಕಡಿಮೆಯಾಯಿತು, ಒಲೆಯ ಪ್ರಶ್ನೆ ನಿಂತುಹೋಯಿತು. ಶಿರಹಟ್ಟಿಗೆ ಮದುವೆ ಮಾಡಿಕೊಟ್ಟರು. ಹಂದರದ ಹಿಂದಿನ ಸಾಲಿನಲ್ಲಿ ಅಕ್ಕ ಬೀಗರ ಕಡೆಯ ಯಾರೋ ಹೆಂಗಸಿನ ಹಾಗೆ ಕುಳಿತು ಅಕ್ಷತೆ ಹಾಕಿದಳು.

ಮದುವೆಯಾದ ಮರುವರ್ಷ ಇರಬೇಕು, ಹುಡುಗಿ ಹೇಳಿ ಕಳಿಸಿದಳು. ಗಂಡನ ಜೊತೆ ಹುಬ್ಬಳ್ಳಿಗೆ ಹೋಗುವವರಿದ್ದಾರೆ, ದಾರಿಯಲ್ಲಿ ಲಕ್ಷ್ಮೇಶ್ವರದಲ್ಲಿ ಇಳಿದು ಅವ್ವನನ್ನು ನೋಡಿಕೊಂಡು ಹೋಗುತ್ತಾರೆ. ಅಕ್ಕ ನನ್ನನ್ನೂ ಕರೆದಳು. ನಾನು ಹೋಗುವಷ್ಟರಲ್ಲಿ ಒಲೆ ಸಾರಿಸಿ, ಕುಂಕುಮ ಹಚ್ಚಿ, ಎಣ್ಣೆಗಾಯಿ ಬದನೆ, ಮೃದುವಾದ ರೊಟ್ಟಿ, ಅನ್ನ, ಸಾರು, ಕಡುಬು ಎಲ್ಲ ಮಾಡಿ ಮುಗಿಸಿದ್ದಳು. ಕೂದಲಲ್ಲಿ ಹಿಟ್ಟು ಹತ್ತಿತ್ತು.

ಹುಡುಗಿ ಬಂದಳು. ಅಕ್ಕನ ಎತ್ತರ, ಅಕ್ಕನದೇ ನಡಿಗೆ. ಅವಳ ಗಂಡ ಹೊರಗೆ ಕಾಕಾನ ಹತ್ತಿರ ಮಾತಾಡುತ್ತ ಕುಳಿತ. ಅವಳು ಒಳಗೆ ಬಂದು ಅಕ್ಕನ ಕಾಲು ಮುಟ್ಟಿ, ಚಾಪೆಯ ತುದಿಯಲ್ಲಿ ಕುಳಿತಳು. ಮೈ ಆರಾಮೇನು, ಮಳೆ ಹೇಗಿದೆ ಎಂದು ಕೇಳಿದಳು. ಅಕ್ಕ ಒಂದಕ್ಕೂ ಸರಿಯಾಗಿ ಉತ್ತರ ಕೊಡದೆ ಓಡಾಡಿ ತಾಟು ಬಡಿಸಿಕೊಂಡು ಬಂದಳು.

"ನಾ ಉಂಡ ಬಂದೇನವಾ," ಎಂದಳು ಹುಡುಗಿ.

"ಒಂದ ರೊಟ್ಟಿ ತಿನ್ನು."

"ಇಲ್ಲವಾ. ಬಸ್ಸಿನ್ಯಾಗ ಹೊಟ್ಟಿ ತೊಳಸ್ತೈತಿ. ಉಂಡ ಬಂದೇನಿ, ಖರೇನ."

ನೆಲ ನೋಡುತ್ತ ಹೇಳಿದಳು. ಆ ಒಲೆಯ ಹೆದರಿಕೆಯೋ, ಅಜ್ಜಿಗೆ ಕೊಟ್ಟ ಮಾತೋ, ಇಲ್ಲ ನಿಜವಾಗಿ ಉಂಡೇ ಬಂದಿದ್ದಳೋ, ನನಗೆ ತಿಳಿಯದು. ಅಕ್ಕ ಒತ್ತಾಯ ಮಾಡಲಿಲ್ಲ. ಹುಡುಗಿ ಒಂದು ತಂಬಿಗೆ ನೀರು ಕುಡಿದಳು. ಬಸ್ಸಿನ ಹೊತ್ತಾಯಿತೆಂದು ಗಂಡ ಕರೆದ. ಅವಳು ಕುಂಕುಮ ಹಚ್ಚಿಕೊಂಡು ಹೋದಳು. ಅಕ್ಕ ಓಣಿಯ ತಿರುವಿನವರೆಗೂ ಹೋಗಿ ಬಂದಳು.

ಒಳಗೆ ಬಂದು ತಾಟು ಎತ್ತಿ ನನ್ನ ಮುಂದೆ ಇಟ್ಟಳು. ನಾನೂ ಮನೆಯಲ್ಲಿ ಉಂಡು ಬಂದಿದ್ದೆ. ಹೇಳಲಿಲ್ಲ. ರೊಟ್ಟಿ ಮುರಿದೆ, ಉಂಡೆ. ಅಕ್ಕ ಎದುರಿಗೆ ಮೊಣಕಾಲು ಮಡಚಿ ಕುಳಿತು, ನನ್ನ ಬಾಯನ್ನೇ ನೋಡುತ್ತಿದ್ದಳು.

"ಉಪ್ಪು ಬರೋಬರಿ ಐತೇನ?" ಎಂದು ಕೇಳಿದಳು.

"ಐತಿ."

"ಇನ್ನೊಂಚೂರು ಹಾಕಲೇನ?"

"ಹಾಕಕ್ಕಾ," ಎಂದೆ.